ವೀಳ್ಯ ಈಸಿಕೊಂಡರೆ ಕೇಸು ಮುಗಿಯಿತೇ?

ಕುಂಬಾರಕೊಪ್ಪಲಿನ ತಿಮ್ಮಮ್ಮ ಹೂ ಕಟ್ಟಿ ಮಾರುವಾಕೆ. ಬಾಗಿಲಿಗೆ ಅಡ್ಡ ನಿಲ್ಲಿಸಿದ ಬೈಕು ತೆಗೆಯಪ್ಪಾ ಎಂದಿದ್ದೇ ತಪ್ಪಾಯಿತು, ಪಕ್ಕದ ಮನೆಯ ಚೆಲುವರಾಜು ಕಬ್ಬಿಣದ ರಾಡಿನಿಂದ ಹೊಡೆದು ಬಲಗೈ ಮುರಿದ. ಮೂಳೆ ಕೂಡಿದರೂ ಬೆರಳು ಮಡಚುತ್ತಿಲ್ಲ. ಹೂ ಕಟ್ಟುವುದು ನಿಂತೇಹೋಗಿದೆ. ಈಗ ಸೋಮವಾರ ಸಾಕ್ಷಿ ಹೇಳಲು ಬರಬೇಕೆಂದು ಕೋರ್ಟಿನಿಂದ ಸಮನ್ಸ್ ಬಂದಿದೆ.

ಅಷ್ಟರೊಳಗೆ ಬೀದಿಯ ಯಜಮಾನರು ಸೇರಿ ರಾಜಿ ಮಾಡಿಬಿಟ್ಟಿದ್ದರು. ಸಾಕ್ಷಿಗೆ ಹೋಗುವುದಿಲ್ಲ ಎಂದು ತಿಮ್ಮಮ್ಮನ ಗಂಡ ಮೂಗಯ್ಯ ಎಲ್ಲರೆದುರು ವೀಳ್ಯ ಈಸಿಕೊಂಡು ಬಂದಿದ್ದ. ಎಂಥ ಧಾರಾಳ! ಮುರಿದದ್ದು ಹೆಂಡತಿಯ ಕೈ ತಾನೇ?

ಒಂಟಿಕೊಪ್ಪಲಿನ ವಕೀಲೆ ಅಕ್ಷತಾ ತಿಮ್ಮಮ್ಮನ ಹಳೆಯ ಗಿರಾಕಿ. ಕೈ ಹೇಗಿದೆ ಎಂದು ನೋಡಲು ಬಂದವರ ಕಿವಿಗೆ ಈ ಸುದ್ದಿ ಬಿತ್ತು.

“ಮೂಗಯ್ಯನೋರೆ, ಸಮನ್ಸ್ ಬಂದ್ಮೇಲೆ ಹೋಗ್ಲೇಬೇಕು. ರಾಡಲ್ಲಿ ಹೊಡೆದು ಮೂಳೆ ಮುರಿದ ಕೇಸಿದು, ಬೀದೀಲಿ ಕೂತು ಮುಗಿಸೋಕಾಗಲ್ಲ.”

“ಎಲೆ ಈಸ್ಕೊಂಡ್ಬುಟ್ಟಿದೀನಿ ಕಣವ್ವ, ಮಾತು ಕೊಟ್ಟಂಗಲ್ವಾ? ಅದೂ ಅಲ್ದೆ ಅದು ಸರ್ಕಾರದ ಕೇಸಂತೆ. ನಮ್ದೇನೈತೆ ಅಲ್ಲಿ?”

“ಕೇಸು ಸರ್ಕಾರದ್ದು, ಸರಿ. ಮುರಿದ ಕೈ ಯಾರದು?”

ಮೂಗಯ್ಯ ಹೆಂಡತಿಯ ಕೈಯತ್ತ ತಿರುಗಿ ನೋಡಿದ. ಅಕ್ಷತಾ ಮುಂದುವರಿಸಿದರು.

“ನೊಂದೋರು ಬರೀ ಸಾಕ್ಷಿ ಅಲ್ಲ ಕಣ್ರೀ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡ್ಬೇಕು. ತನಿಖೆ ಎಲ್ಲಿಗೆ ಬಂತು ಅಂತ ತೊಂಬತ್ತು ದಿನದೊಳಗೆ ಪೊಲೀಸರೇ ತಿಳಿಸ್ಬೇಕು. ಕೋರ್ಟ್ ಒಪ್ಪಿದ್ರೆ ಸರ್ಕಾರಿ ವಕೀಲರ ಜೊತೆ ನಿಮ್ಮ ವಕೀಲರೂ ಇರಬಹುದು, ಹೆಂಗಸರಿಗೆ ಅದೂ ಉಚಿತ. ಪರಿಹಾರ ಕೇಳಬಹುದು. ಕೋರ್ಟು ಅವನನ್ನ ಬಿಟ್ಟುಬಿಟ್ರೆ ಮೇಲ್ಮನವಿ ಹಾಕಬಹುದು.”

“ಅವ್ನು ಎದರ್ಸುದ್ರೆ?”

“ಸಾಕ್ಷೀನ ಹೆದರಿಸೋದೇ ಇನ್ನೊಂದು ಅಪರಾಧ. ರಕ್ಷಣೆ ಕೊಡಿ ಅಂತ ಕೇಳೋಣ. ಇನ್ನೊಂದು ಮಾತು. ಸಣ್ಣಪುಟ್ಟ ಜಗಳದ ರಾಜಿಗೂ ಪೆಟ್ಟು ತಿಂದೋರೇ ಒಪ್ಪಬೇಕು. ಗಂಡ ಒಪ್ಪಿದ್ರೆ ಆಗಲ್ಲ.”

ಎಲ್ಲ ಕೇಳಿಸಿಕೊಳ್ಳುತ್ತಿದ್ದ ತಿಮ್ಮಮ್ಮನಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು.

“ಯಜಮಾನ್ರು ಎಲೆ ಕೊಟ್ರು, ನೀನ್ ಈಸ್ಕೊಂಡೆ. ಕೋಳಿ ಕೇಳಿ ಮಸಾಲೆ ಅರೀತಾರಾ? ನನ್ ಕೈ, ನನ್ ನೋವು. ಒಬ್ರಾದ್ರೂ ನನ್ನ ಕೇಳುದ್ರಾ?”

“ಇಲ್ಲ ಕಣಮ್ಮಿ. ತಪ್ಪಾಯ್ತು,” ಎಂದ ಮೂಗಯ್ಯ. ಆಗಲೇ ಎದ್ದು ಹೋಗಿ ಯಜಮಾನ ಮಹದೇವಪ್ಪನವರಿಗೆ, “ನನ್ನೆಂಡ್ತಿ ಸಾಕ್ಷಿ ಯೋಳ್ತಾಳೆ ಸ್ವಾಮಿ, ನಾನೇ ಕರ್ಕೊಂಡೋಯ್ತೀನಿ” ಎಂದು ಹೇಳಿ ಬಂದ.

ಸೋಮವಾರ ತಿಮ್ಮಮ್ಮ ಸಾಕ್ಷಿ ಕಟ್ಟೆ ಹತ್ತಿದಳು. ನ್ಯಾಯಾಧೀಶರ ಮುಂದೆ ಬಲಗೈ ಚಾಚಿದಳು. “ಈ ಬೆರಳು ಮಡಚಲ್ಲ ಸ್ವಾಮಿ. ಒಡೆದೋನು ಅಲ್ ನಿಂತವ್ನೆ ನೋಡಿ, ಅವ್ನೇ.” ಚೆಲುವರಾಜು ತಲೆ ತಗ್ಗಿಸಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮಗಾದ ಅನ್ಯಾಯವನ್ನು ಮುಚ್ಚಿಡಬೇಡಿ. ಯಾವ ಠಾಣೆಯಲ್ಲಾದರೂ ದೂರು ಕೊಡಿ, ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ವಕೀಲರೋ ಪರಿಹಾರವೋ ಬೇಕಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಕೋರ್ಟು ಕರೆದ ದಿನ ತಪ್ಪದೆ ಹೋಗಿ, ನಡೆದದ್ದನ್ನು ನಡೆದಂತೆ ಹೇಳಿ. ಪೆಟ್ಟು ತಿಂದವರು ನೀವು, ಮಾತಾಡಬೇಕಾದವರೂ ನೀವೇ.