ಗೇಣುದ್ದದ ಕ್ಲಚ್ಚು

ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಮಾಲತೇಶಪ್ಪ ಯಾವುದನ್ನೂ ಟೇಪು ಹಿಡಿದು ಅಳೆದವನಲ್ಲ. ಗೇಣು, ಮೊಳ, ಬೆರಳು, ಇಷ್ಟೇ ಅವನ ಅಳತೆ. ಹಾಗೆಯೇ ಬೇರೆಯವರ ಬೈಕಿನ ಹಿಂದೆ ನೆಮ್ಮದಿಯಾಗಿ ಕೂತವನೂ ಅಲ್ಲ. ಕೂರಲೇಬೇಕಾಗಿ ಬಂದರೆ, ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಬಲಗಾಲಿನಿಂದ ಒತ್ತುತ್ತಾ, "ಗೇರ್ ಬದಲ್ ಮಾಡೋ, ಇಂಜಿನ್ ಅಳಾಕತ್ತೈತಿ" ಎಂದು ಮುಂದಿನವನ ಕಿವಿಯಲ್ಲಿ ಒದರುತ್ತಾ ಬರುತ್ತಿದ್ದ. ಒಮ್ಮೆ ಹೆಂಡತಿ ಮಂಗಳವ್ವನ ತಮ್ಮ ಇವನನ್ನು ಹಾವೇರಿಯಿಂದ ಕರೆತರುವಾಗ ಮೋಟೆಬೆನ್ನೂರಿನಲ್ಲೇ ಇಳಿಸಿ, "ಮಾಮಾ, ನೀವು ಬಸ್ಸಿಗೆ ಬರ್ರಿ" ಎಂದು ಕೈಮುಗಿದು ಹೋಗಿಬಿಟ್ಟಿದ್ದ.

ಇದೆಲ್ಲ ಊರಿಗೇ ಗೊತ್ತಿದ್ದ ಸಂಗತಿ. ಊರಿಗೆ ಗೊತ್ತಿಲ್ಲದ್ದೂ ಒಂದಿತ್ತು. ಇಂಜಿನ್ನಿನ ಹೊಟ್ಟೆ ಬಿಚ್ಚಿ ಕರುಳನ್ನೆಲ್ಲ ಹೊರಗಿಡುವ ಈ ಮನುಷ್ಯ, ಗಾಯ ಕಂಡರೆ ತಲೆ ತಿರುಗಿ ಬೀಳುತ್ತಿದ್ದ. ಮಗಳು ಮೇಘಾ ಚಿಕ್ಕವಳಿದ್ದಾಗ ಲಸಿಕೆ ಹಾಕಿಸಲು ಆಸ್ಪತ್ರೆಗೆ ಕರೆದೊಯ್ದಿದ್ದ. ಸೂಜಿ ಚುಚ್ಚಿದಾಗ ಮಗು ಅಳಲಿಲ್ಲ, ಅಪ್ಪ ಬಿದ್ದ. ನರ್ಸು ಮಗುವನ್ನು ಮಂಗಳವ್ವನ ಕೈಗೆ ಕೊಟ್ಟು ಅಪ್ಪನ ಮುಖಕ್ಕೆ ನೀರು ಚಿಮುಕಿಸಿದ್ದಳು.

ಹೀಗಾಗಿ, ಪ್ರವೀಣಕುಮಾರ ಎಡಗೈಗೆ ಟವೆಲ್ಲು ಸುತ್ತಿಕೊಂಡು ಗ್ಯಾರೇಜಿಗೆ ಬಂದ ದಿನ ಮಾಲತೇಶಪ್ಪ ಅವನ ಮುಖ ನೋಡಿದ, ಅವನ ತಮ್ಮ ತಳ್ಳಿಕೊಂಡು ತಂದ ಬೈಕು ನೋಡಿದ, ಆ ಟವೆಲ್ಲನ್ನು ಮಾತ್ರ ನೋಡಲಿಲ್ಲ.

ಪ್ರವೀಣಕುಮಾರ ಒಂದು ಬೀಜದ ಕಂಪನಿಯ ಫೀಲ್ಡ್‌ಮನ್. ಕುಪ್ಪೇಲೂರಿನ ಸುತ್ತಮುತ್ತ ರೈತರ ಹೊಲಗಳಲ್ಲಿ ಟೊಮೆಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಮಾಡಿಸುವುದು ಅವನ ಕೆಲಸ. ಹೆಣ್ಣುಮಕ್ಕಳು ಮಧ್ಯಾಹ್ನ ಚಿಮಟ ಹಿಡಿದು ಮೊಗ್ಗು ಬಿಡಿಸಿ ಒಳಗಿನ ಗಂಡು ಭಾಗ ತೆಗೆದಿಡುತ್ತಾರೆ, ಮರುದಿನ ಬೆಳಿಗ್ಗೆ ಅದಕ್ಕೆ ಬೇರೆ ಗಿಡದ ಪರಾಗ ಮುಟ್ಟಿಸುತ್ತಾರೆ. ಇದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ಸಾಲಿನಲ್ಲಿ ಒಂದೇ ಒಂದು ಬೆರಕೆ ಗಿಡ ಉಳಿದರೂ ಇಡೀ ಹೊಲದ ಬೀಜಕ್ಕೆ ಧಕ್ಕೆ. ಆ ಗಿಡವನ್ನು ಬದುವಿನ ಮೇಲೆ ನಿಂತೇ ಹುಡುಕಿ ತೋರಿಸುವ ಕಣ್ಣು ಪ್ರವೀಣನದು. ಹಿಂದಿನ ವರ್ಷದ ಸುಗ್ಗಿಯಲ್ಲಿ, ಯಾರದೋ ಗೋವಿನಜೋಳದ ರಾಶಿಗೆ ಕೈ ಹಚ್ಚಲು ಹೋದವನ ಎಡಗೈಯನ್ನು ಕಾಳು ಬಿಡಿಸುವ ರಾಶಿ ಮಷಿನ್ನು ಮೊಣಕೈಯ ಕೆಳಗೆ ತಿಂದುಹಾಕಿತ್ತು. ಕಣ್ಣಿಗೇನೂ ಆಗಿರಲಿಲ್ಲ. ಆದರೆ ಆ ಕಣ್ಣನ್ನು ಹೊಲದಿಂದ ಹೊಲಕ್ಕೆ ಒಯ್ಯುವವರು ಯಾರು? ಹೆಂಡತಿ ಭುವನಾ ಒಂದು ದಿನ, ತಮ್ಮ ಒಂದು ದಿನ, ಯಾರೂ ಸಿಗದ ದಿನ ಹಾದಿಯಲ್ಲಿ ಕೈ ಮಾಡಿ ನಿಲ್ಲಿಸಿದವರ ಗಾಡಿ.

"ಹೊಲಕ್ಕ ಹೋದ ಕೂಡ್ಲೆ ಹೆಣ್ಮಕ್ಕಳು ಏನ್ ಕೇಳ್ತಾರ ಗೊತ್ತೈತೇನ್ರಿ ಕಾಕಾ? 'ಇವತ್ತು ಯಾರ ಹಿಂದ ಬಂದ್ರಿ?' ಅಂತಾರ. ಅವ್ರ ಮನಸ್ಸಿನ್ಯಾಗ ಏನೂ ಇಲ್ಲ, ಸುಮ್ನ ಕೇಳ್ತಾರ. ನನಗ ಮಾತ್ರ ಎದ್ಯಾಗ ಮುಳ್ಳು ಮುರದಂಗ ಆಗ್ತೈತಿ," ಎಂದ ಪ್ರವೀಣ. "ಮ್ಯಾನೇಜರ್ ಸಾಹೇಬ್ರು ಖಡಕ್ ಹೇಳ್ಯಾರ. ಈ ಸಲದ ಕ್ರಾಸಿಂಗ್ ಶುರು ಆಗೂದ್ರಾಗ ನೀನ ಗಾಡಿ ಹೊಡಕೊಂಡು ಬಂದ್ರ ಹೊಲ ನಿಂದು, ಇಲ್ಲಂದ್ರ ಗೋದಾಮಿನ್ಯಾಗ ತೂಕ ಮಾಡಕೋಂತ ಕುಂದ್ರು ಅಂದಾರ."

"ಸ್ಕೂಟಿ ತಗೋಳಪಾ. ಕ್ಲಚ್ಚಿಲ್ಲ, ಗೇರಿಲ್ಲ, ತಲಿಬ್ಯಾನಿ ಇಲ್ಲ."

"ಎರಿ ಹೊಲದ ಕೆಸರಾಗ ಸ್ಕೂಟಿ ಗಾಲಿ ನಿಲ್ಲತೈತೇನ್ರಿ? ನಿಮಗ ನಾ ಹೇಳಬೇಕೇನು?"

ಹೇಳಬೇಕಾಗಿರಲಿಲ್ಲ. ಆ ಕೆಸರು ಮೆತ್ತಿದ ಗಾಲಿಗಳನ್ನು ತೊಳೆದು ತೊಳೆದೇ ಮಾಲತೇಶಪ್ಪನ ಅಂಗೈ ಸವೆದಿತ್ತು. ಅವನು ಬೈಕಿನ ಸುತ್ತ ಒಂದು ಸುತ್ತು ಬಂದು, ಹ್ಯಾಂಡಲ್ಲಿನ ಮೇಲೆ ಗೇಣು ಹಾಕಿ ನೋಡಿ, "ಬಿಟ್ಟು ಹೋಗು" ಎಂದ.

ಅವನ ಲೆಕ್ಕ ಸರಳವಾಗಿತ್ತು. ಎಡಗೈ ಇಲ್ಲ, ಆದ್ದರಿಂದ ಎಡಗೈಯ ಕೆಲಸವೆಲ್ಲ ಬಲಕ್ಕೆ. ಹಾರ್ನು, ಇಂಡಿಕೇಟರ್ ಸ್ವಿಚ್ಚು ಬಲಕ್ಕೆ ಬಂದವು. ಬಲಗೈ ಬೆರಳಿನಡಿ ಇದ್ದ ಬ್ರೇಕಿನ ಹಿಡಿಕೆಯನ್ನು ಕ್ಲಚ್ಚಿಗೆ ಜೋಡಿಸಿದ. ಮುಂದಿನ ಬ್ರೇಕು, ಹಿಂದಿನ ಬ್ರೇಕು ಎರಡನ್ನೂ ಕೂಡಿಸಿ ಕಾಲಿನ ಪೆಡಲ್ಲಿಗೇ ಕೊಟ್ಟ. ಮುಗಿದ ಮೇಲೆ ತನ್ನ ಎಡಗೈಯನ್ನು ಪ್ಯಾಂಟಿನ ಜೇಬಿನೊಳಗೆ ತುರುಕಿಕೊಂಡು ಗ್ಯಾರೇಜಿನ ಹಿಂದಿನ ಬಯಲಲ್ಲಿ ತಾನೇ ಓಡಿಸಿದ. ಬೈಕು ಅವನು ಹೇಳಿದಂತೆ ಕೇಳಿತು. ಇಳಿದು ಬಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಪ್ರವೀಣ ಮೊದಲ ಸಲ ಓಡಿಸಿದ್ದು ಊರಾಚೆಯ ಹೊಲದ ದಾರಿಯಲ್ಲಿ. ಹಿಂದೆ ತನ್ನ ಗಾಡಿಯ ಮೇಲೆ ಮಾಲತೇಶಪ್ಪ. ಗೋವಿನಜೋಳದ ಕಾಲ, ದಾರಿಯ ಅರ್ಧ ಭಾಗಕ್ಕೆ ಕಾಳು ಒಣಹಾಕಿದ್ದರು. ಎಲ್ಲ ಸರಿಯಾಗಿಯೇ ಇತ್ತು, ಎಮ್ಮೆಯ ಕರುವೊಂದು ಬಾಲ ಎತ್ತಿಕೊಂಡು ಅಡ್ಡ ಓಡಿ ಬರುವತನಕ. ಕರು ಕಂಡೊಡನೆ ಪ್ರವೀಣನ ಬಲಗೈ ಬೆರಳುಗಳು, ಎಷ್ಟೋ ವರ್ಷಗಳಿಂದ ಮಾಡಿಕೊಂಡು ಬಂದಂತೆ, ಹಿಡಿಕೆಯನ್ನು ಗಬಕ್ಕನೆ ಹಿಡಿದವು. ಆದರೆ ಈಗ ಅದು ಬ್ರೇಕಲ್ಲ, ಕ್ಲಚ್ಚು. ಇಂಜಿನ್ನಿನ ಹಿಡಿತ ತಪ್ಪಿದ ಬೈಕು ನಿಲ್ಲುವ ಬದಲು ಮತ್ತೂ ಹಗುರಾಗಿ ಓಡಿತು. ಕರುವನ್ನು ತಪ್ಪಿಸಲು ಅವನು ಹ್ಯಾಂಡಲ್ ತಿರುವಿದ, ತಿರುವಿದ್ದೇ ಜೋಳದ ರಾಶಿಯೊಳಗೆ ಹೋಗಿ ಬಿದ್ದ.

ರಾಶಿಯ ಒಡತಿ ಮುದುಕವ್ವ ಕಾಳು ಗುಡಿಸುತ್ತಿದ್ದ ಬಾರಿಗೆ ಹಿಡಿದುಕೊಂಡೇ ಬಂದಳು. "ಏ ಮೂಳಾ! ಕಣ್ಣು ಏನು ಮನ್ಯಾಗ ಬಿಟ್ಟು ಬಂದೀಯೇನೋ? ನನ್ನ ಜ್ವಾಳೆಲ್ಲ ಮಣ್ಣುಪಾಲು ಮಾಡಿದೆಲ್ಲೋ!" ಅಷ್ಟರಲ್ಲಿ ಅವಳ ಕಣ್ಣು ಪ್ರವೀಣನ ಎಡಗೈ ಮೇಲೆ ಬಿತ್ತು. ಬೀಳುವಾಗ ಟವೆಲ್ಲು ಕಳಚಿ ಹೋಗಿತ್ತು. ಬಾರಿಗೆ ಕೆಳಗಿಳಿಯಿತು, ದನಿಯೂ ಇಳಿಯಿತು. "ಅಯ್ಯ ಶಿವನ... ಪಾಪ..."

"ಯಾಕ ನಿಲ್ಲಿಸಿದ್ರಿ ಯವ್ವಾ?" ಪ್ರವೀಣ ಮೈ ಕೊಡವಿಕೊಂಡು ಎದ್ದ. "ತಪ್ಪು ನಂದೈತಿ. ಬೈದು ಮುಗಸ್ರಿ. ಕೈ ಇದ್ದಾಂವಗ ಎಷ್ಟು ಬೈತಿದ್ರಿ ಅಷ್ಟೂ ಬೈರಿ."

ಮುದುಕವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರವೀಣ ಮಾತ್ರ ತಡಮಾಡದೆ ಬುಟ್ಟಿ ಕೇಳಿ ಇಸಿದುಕೊಂಡು, ಚೆಲ್ಲಿದ ಕಾಳನ್ನು ಬಲಗೈಯಿಂದ ಬಾಚಿ ತುಂಬತೊಡಗಿದ. ತುಂಬಿದ ಬುಟ್ಟಿಯನ್ನು ಆ ಮೊಂಡು ತೋಳಿನಿಂದ ಸೊಂಟಕ್ಕೆ ಒತ್ತಿ ಹಿಡಿದು ಎತ್ತಿದ, ರಾಶಿಗೆ ಸುರಿದ, ಮತ್ತೆ ಬಂದ.

ಮಾಲತೇಶಪ್ಪ ಓಡಿ ಬಂದವನು ಅಲ್ಲೇ ನಿಂತುಬಿಟ್ಟ. ಇಷ್ಟು ದಿನ ಯಾವುದರಿಂದ ಕಣ್ಣು ತಪ್ಪಿಸಿಕೊಂಡಿದ್ದನೋ ಅದು ಎದುರಿಗೇ ಇತ್ತು, ಅದೂ ಜೋಳ ಹೊರುತ್ತಿತ್ತು. ಅವನು ಜೋಳದ ಮೇಲೇ ಕುಸಿದು ಕೂತ. ತಲೆ ತಿರುಗುತ್ತದೆಂದು ಕಾದ. ತಿರುಗಲಿಲ್ಲ.

"ಕಾಕಾ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ," ಎನ್ನುತ್ತಾ ಪ್ರವೀಣ ಬಂದು ಪಕ್ಕದಲ್ಲಿ ಕೂತ. "ನೀವು ನನ್ನ ಎಡಗೈ ಇಲ್ಲೇ ಇಲ್ಲಂತ ತಿಳದೀರಿ. ಎಲ್ಲಾ ಹೊರೀನೂ ಬಲಗೈ ಮ್ಯಾಲ ಹೊರಿಸೀರಿ. ಅದು ಪಾಪ ತನ್ನ ಹಳೇ ಕೆಲಸ ಮರೀವಲ್ದು. ಎಡಗೈ ಐತ್ರೀ, ಇಲ್ಲೀಮಟ ಐತಿ. ಬುಟ್ಟಿ ಎತ್ತತೈತಿ, ಮನ್ಯಾಗ ಮಗಳನ್ನ ಎತ್ತತೈತಿ. ನೀವು ಒಂದ ಸಲಾನೂ ಅದನ್ನ ನೋಡಲಿಲ್ಲ."

"ನನಗ ಗಾಯ ನೋಡಾಕ ಆಗೂದಿಲ್ಲೋ ತಮ್ಮಾ," ಎಂದ ಮಾಲತೇಶಪ್ಪ. "ತಲಿ ತಿರಗತೈತಿ. ಯಾರ ಮುಂದನೂ ಹೇಳಬ್ಯಾಡ."

"ಗಾಯ ಮಾಯ್ದು ಎಷ್ಟ ದಿನಾ ಆತ್ರಿ. ಇದು ಈಗ ಕೈ."

ಮಾಲತೇಶಪ್ಪ ಗ್ರೀಸು ಮೆತ್ತಿದ ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಪ್ರವೀಣನ ಮೊಣಕೈಗೆ ಹೆಬ್ಬೆರಳು ಒತ್ತಿ, ಕೈ ಬಿಚ್ಚಿ, ಕಿರುಬೆರಳನ್ನು ತೋಳಿನ ತುದಿಗೆ ಮುಟ್ಟಿಸಿದ. ಚರ್ಮ ಬೆಚ್ಚಗಿತ್ತು, ಗಟ್ಟಿಯಾಗಿತ್ತು. "ಒಂದು ಗೇಣು ಬರೋಬ್ಬರಿ ಐತಿ," ಎಂದ. ಅವನ ಕಣ್ಣು ತುಂಬಿ ಬಂದಿದ್ದವು. ಜೋಳದ ಧೂಳು ಹೊಕ್ಕಿದೆ ಎಂದು ಮುದುಕವ್ವನನ್ನೇ ಬೈದ.

ಮಾಡಿದ್ದನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಶುರುವಾಯಿತು. ಬಲಗೈಗೆ ಅದರ ಬ್ರೇಕು ಮರಳಿ ಬಂತು, ಕಾಲಿನ ಬ್ರೇಕು ಮೊದಲಿನಂತಾಯಿತು. ಬಲಕ್ಕೆ ಬಂದ ಹಾರ್ನು ಮಾತ್ರ ಅಲ್ಲೇ ಉಳಿಯಿತು. ಕ್ಲಚ್ಚು ತಾನು ಹುಟ್ಟಿದ ಕಡೆಗೇ, ಎಡಕ್ಕೇ ಹೋಯಿತು. ಆದರೆ ಬೆರಳಿನಿಂದ ಹಿಡಿಯುವ ಹಿಡಿಕೆಯ ಬದಲು ಈಗ ಗೇಣುದ್ದದ, ದೋಣಿಯಂತೆ ಬಾಗಿದ ಒಂದು ಕಬ್ಬಿಣದ ಪಟ್ಟಿ. ತೋಳನ್ನು ಅದರಲ್ಲಿ ಇಟ್ಟುಕೊಂಡರೆ ಹ್ಯಾಂಡಲ್ಲಿಗೆ ಆಸರೆ, ಕೆಳಗೆ ಒತ್ತಿದರೆ ಕ್ಲಚ್ಚು. ಒಳಗೆ ಮೆತ್ತೆ ಹಾಕಿಸಲು ಇಬ್ಬರೂ ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ಟ್ರ್ಯಾಕ್ಟರ್ ಸೀಟು ಹೊಲಿಯುವ ಫಕ್ಕೀರಸಾಬನನ್ನು ಹಿಡಿದರು. ಅವನ ಅಂಗಡಿಯ ಸ್ಪಂಜಿನಲ್ಲೂ ಮೆಣಸಿನ ಘಾಟು. ಮೂವರೂ ಸೀನುತ್ತಲೇ ಅಳತೆ ಕೊಟ್ಟರು, ತೆಗೆದುಕೊಂಡರು. ಮೇಲೊಂದು ಬೆಲ್ಟು ಇರಲಿ, ತೋಳು ಜಾರಬಾರದು ಎಂದ ಮಾಲತೇಶಪ್ಪ.

"ಬೆಲ್ಟು ಬ್ಯಾಡ್ರಿ," ಎಂದ ಪ್ರವೀಣ. "ಬಿದ್ರ ಗಾಡಿ ಒಂದ ಕಡೆ, ನಾ ಒಂದ ಕಡೆ ಬೀಳಬೇಕು."

ಮಾಲತೇಶಪ್ಪ ಈ ಸಲ ವಾದ ಮಾಡಲಿಲ್ಲ. ಕೈ ಯಾರದೋ ಮಾತೂ ಅವರದೇ ಎಂಬಷ್ಟು ಬುದ್ಧಿ ಬಂದಿತ್ತು.

ಮೊದಮೊದಲು ಬೈಕು ಕುಪ್ಪಳಿಸಿ ಕುಪ್ಪಳಿಸಿ ನಿಂತುಬಿಡುತ್ತಿತ್ತು. ತೋಳು ಕೆಂಪಾಗಿ ಬಾತುಕೊಂಡಿತು. ಪ್ರವೀಣ ಅದಕ್ಕೆ ಕೊಬ್ಬರಿ ಎಣ್ಣೆ ಸವರಿಕೊಂಡು ಮರುದಿನ ಮತ್ತೆ ಬಯಲಿಗೆ ಬರುತ್ತಿದ್ದ. ಮಾಲತೇಶಪ್ಪ ಗಂಟಲು ಹರಿದುಕೊಂಡು ಒದರುತ್ತಿದ್ದ, ಪ್ರವೀಣ ನಗುನಗುತ್ತಲೇ ಇನ್ನೊಂದು ಸುತ್ತು ಹೋಗುತ್ತಿದ್ದ. ಎಷ್ಟೋ ಗಾಡಿಗಳನ್ನು, ಎಷ್ಟೋ ಸವಾರರನ್ನು ಕಂಡ ಮಾಲತೇಶಪ್ಪ ಇಂಥ ಹಟವನ್ನು ಕಂಡಿರಲಿಲ್ಲ. ಮನೆಗೆ ಹೋಗಿ ಮಂಗಳವ್ವನೆದುರು, "ಅಂವಾ ಗಂಡಸು ನೋಡು" ಎನ್ನುತ್ತಿದ್ದ. ಪ್ರವೀಣನೆದುರು ಅಪ್ಪಿತಪ್ಪಿಯೂ ಅನ್ನುತ್ತಿರಲಿಲ್ಲ.

ಬದಲಾದ ಗಾಡಿಗೆ ಆರ್‌ಟಿಒ ಒಪ್ಪಿಗೆ ಬೇಕು. ಕ್ರಾಸಿಂಗ್ ಶುರುವಾದ ದಿನವೇ ಹಾವೇರಿಯಿಂದ ಕರೆ ಬಂತು. ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ಇಬ್ಬರೂ ಬೆಳಿಗ್ಗೆಯೇ ಹೋದರು. ಇನ್ಸ್‌ಪೆಕ್ಟರ್ ಮೇಡಂ ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿದರು, ಪ್ರವೀಣನನ್ನು ಸುತ್ತು ಹೊಡೆಸಿದರು, ಎಂಟರ ಆಕಾರದಲ್ಲಿ ಓಡಿಸಿದರು. ಮುಗಿಯಿತು ಎಂದುಕೊಳ್ಳುವಾಗ, ಪಕ್ಕದಲ್ಲಿ ಬಿದ್ದಿದ್ದ ಹಳೆಯ ಟಾಯರೊಂದನ್ನು ಹೇಳದೆ ಕೇಳದೆ ಅವನ ದಾರಿಗೆ ಅಡ್ಡ ಉರುಳಿಸಿಬಿಟ್ಟರು.

ಅಲ್ಲಿ, ನೆಲದ ಮೇಲೆ ನಿಂತಲ್ಲೇ ಮಾಲತೇಶಪ್ಪನ ಬಲಗಾಲು ಬ್ರೇಕ್ ಒತ್ತಿತು. ಆದರೆ ಪ್ರವೀಣನ ಬೆರಳು ಬ್ರೇಕಿಗೆ ಹೋಗಿದ್ದವು, ತೋಳು ಕ್ಲಚ್ಚಿಗೆ ಹೋಗಿತ್ತು. ಎರಡೂ ತಮ್ಮ ಹಳೆಯ ಮನೆಗೆ ಕತ್ತಲಲ್ಲೂ ದಾರಿ ತಪ್ಪದವರ ಹಾಗೆ ಹೋಗಿದ್ದವು. ಟಾಯರು ಮುಂದೆ ಉರುಳಿ ಹೋಯಿತು. ಬೈಕು ಇಂಜಿನ್ನು ಸಹ ಬಂದಾಗದೆ ನಿಂತಿತ್ತು.

"ನಡೀರಿ, ಪಾಸು," ಎಂದರು ಮೇಡಂ.

ಟೆಂಪೋ ಆಗಲೇ ಬ್ಯಾಡಗಿಗೆ ಮೆಣಸಿನಕಾಯಿ ತುಂಬಲು ಹೋಗಿತ್ತು. "ಕಾಕಾ, ನೀವು ಬಸ್ಸಿಗೆ ಬರ್ತೀರೇನ್ರಿ?" ಎಂದು ಪ್ರವೀಣ ಮೆಲ್ಲಗೆ ಕೇಳಿದ. ಹಿಂದೆ ಕೂರುವ ಕಾಕಾನ ಖ್ಯಾತಿ ಇವನಿಗೂ ಗೊತ್ತಿತ್ತಲ್ಲ. ಮಾಲತೇಶಪ್ಪ ಹೆಲ್ಮೆಟ್ಟು ಹಾಕಿಕೊಂಡು ಹಿಂದೆ ಹತ್ತಿ ಕೂತ.

ಸ್ವಲ್ಪ ದೂರದವರೆಗೆ ಅವನ ಬಲಗಾಲು ತನ್ನ ಕೆಲಸ ಮಾಡುತ್ತಲೇ ಇತ್ತು. ಮೋಟೆಬೆನ್ನೂರಿನ ಹತ್ತಿರ ಜೋಳ ತುಂಬಿದ ಟ್ರ್ಯಾಕ್ಟರೊಂದು ಪಕ್ಕದ ರಸ್ತೆಯಿಂದ ಮೂತಿ ಹಾಕಿತು. ಪ್ರವೀಣ ಗೇರು ಇಳಿಸಿ, ಅದಕ್ಕೆ ದಾರಿ ಬಿಟ್ಟು, ಮತ್ತೆ ಗೇರು ಏರಿಸಿದ. ಎಲ್ಲೂ ಜಗ್ಗಲಿಲ್ಲ, ಎಲ್ಲೂ ಇಂಜಿನ್ನು ಅಳಲಿಲ್ಲ. ಕೆಮ್ಮಲೂ ಇಲ್ಲ. ಬೈಯಲು ಏನೂ ಸಿಗದೆ ಮಾಲತೇಶಪ್ಪನಿಗೆ ಬೇಸರವೇ ಬಂತು. ಬೇಸರದ ಬೆನ್ನಿಗೆ ಆಕಳಿಕೆ ಬಂತು. ಸ್ವಲ್ಪ ಹೊತ್ತಿಗೆ ಅವನ ಹೆಲ್ಮೆಟ್ಟು ಪ್ರವೀಣನ ಬೆನ್ನಿಗೆ ಟಕ್ಕೆಂದು ತಾಗಿ ಅಲ್ಲೇ ನಿಂತಿತು. ಪ್ರವೀಣ ವೇಗ ಕಡಿಮೆ ಮಾಡಿದ, ಎಬ್ಬಿಸಲಿಲ್ಲ.

ಎಚ್ಚರವಾದಾಗ ಗ್ಯಾರೇಜು ಇರಲಿಲ್ಲ, ಮಂಗಳವ್ವ ಇರಲಿಲ್ಲ. ಕುಪ್ಪೇಲೂರಿನ ಟೊಮೆಟೊ ಹೊಲ. ಸಾಲುಗಳ ನಡುವೆ ಹೆಣ್ಣುಮಕ್ಕಳು ಚಿಮಟ ಹಿಡಿದು ಮೊಗ್ಗು ಬಿಡಿಸುತ್ತಿದ್ದರು. "ಮಧ್ಯಾಹ್ನದ ಕೆಲಸ ಶುರು ಆಗಿತ್ತು ಕಾಕಾ, ಸೀದಾ ಇಲ್ಲೇ ಬಂದೆ," ಎಂದವನೇ ಪ್ರವೀಣ ಬದು ಹತ್ತಿದ. ಟವೆಲ್ಲು ಹ್ಯಾಂಡಲ್ಲಿನ ಮೇಲೇ ಉಳಿಯಿತು. ಸಾಲುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಆ ಗೇಣುದ್ದದ ತೋಳನ್ನೇ ಚಾಚಿ ತೋರಿಸಿದ. "ಜಯವ್ವಾ, ಅಲ್ಲಿ ಕಟ್ಟಿಗಿ ಗೂಟದ ಬಾಜೂಕ ಒಂದು ಬೆರಕಿ ಗಿಡ ಐತಿ ನೋಡ್ರಿ. ಕೀಳ್ರಿ ಅದನ್ನ."

ಜಯವ್ವ ಗಿಡ ಕಿತ್ತಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ರೂಢಿಯಂತೆ ಬಾಯಿ ತೆರೆದಳು. "ಬಂದ್ರೇನ್ರಿ ಪ್ರವೀಣಣ್ಣಾ? ಇವತ್ತು ಯಾರ ಹಿಂದ..."

ಮಾತು ಅರ್ಧಕ್ಕೇ ನಿಂತಿತು. ಬೈಕಿನ ಹಿಂದಿನ ಸೀಟಿನಿಂದ, ಮರಗಟ್ಟಿದ ಕಾಲನ್ನು ಎತ್ತಿ ಎತ್ತಿ ಇಳಿಯುತ್ತಿದ್ದ ಮಾಲತೇಶಪ್ಪನನ್ನು ಅವಳು ಆಗ ಕಂಡಳು. ರಾಣೆಬೆನ್ನೂರಿಗೆ ಹೋಗಿ ಬರುವ ಯಾರಿಗೆ ತಾನೇ ಅವನ ಗುರುತಿಲ್ಲ? ಸಾಲಿನ ಹೆಣ್ಣುಮಕ್ಕಳೆಲ್ಲ ತಲೆ ಎತ್ತಿದರು. ಜಯವ್ವ ನಗು ತಡೆದುಕೊಂಡು ಪ್ರಶ್ನೆಯನ್ನು ಆ ಕಡೆಗೆ ತಿರುಗಿಸಿದಳು.

"ಯಜಮಾನ್ರ, ನೀವು ಯಾರ ಹಿಂದ ಬಂದ್ರಿ?"

ಮಾಲತೇಶಪ್ಪ ಹೆಲ್ಮೆಟ್ಟು ತೆಗೆದ. ಆ ಸಾಲಿಗಷ್ಟೇ ಅಲ್ಲ, ಪಕ್ಕದ ಹೊಲದವರಿಗೂ ಕೇಳುವಂತೆ ಹೇಳಿದ.

"ಪ್ರವೀಣಕುಮಾರನ ಹಿಂದ ಬಂದೇನಿ ಯವ್ವಾ. ನಿದ್ದಿ ಮಾಡಕೋಂತ ಬಂದೇನಿ."