ನಮ್ಮ ಹುಡುಗನೇ ಜೋಡಿಸಿದ ಕಂಪ್ಯೂಟರ್

ಗೇಮ್ ಆಡುವ ಕಂಪ್ಯೂಟರನ್ನು ಅಂಗಡಿಯಿಂದ ರೆಡಿಮೇಡ್ ತರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಎಸ್.ಪಿ. ರೋಡಿನ ಬಿಸಿಲಲ್ಲಿ ಅಲೆದು, ಅಂಗಡಿಯವನ ಜೊತೆ ಗುದ್ದಾಡಿ, ಒಂದೊಂದೇ ಭಾಗ ಹೊತ್ತು ತಂದು, ನೆಲದ ಮೇಲೆ ಹಳೇ ಬೆಡ್‌ಶೀಟ್ ಹಾಸಿಕೊಂಡು ಜೋಡಿಸಿದರೆ ಅದು ನಮ್ಮದು. ಕಾರ್ಡು ಉಜ್ಜಿ ಮನೆಬಾಗಿಲಿಗೆ ತರಿಸಿಕೊಂಡರೆ ಅದೂ ಒಂದೇ, ಫ್ರಿಜ್ಜೂ ಒಂದೇ. ನಾನು ಜೋಡಿಸಿದ್ದು ಅತ್ತಿಗುಪ್ಪೆಯ ನಮ್ಮ ಮನೆಯ ಹಾಲಿನಲ್ಲಿ, ಟಿವಿ ಪಕ್ಕದಲ್ಲೇ ಇದೆ. ‘ಇದನ್ನೇ ಕಟ್ಕೊಂಡು ಬಾಳು ನೀನು’ ಎಂದು ನಮ್ಮಮ್ಮ ಕಲ್ಯಾಣಮ್ಮ ಅದರ ಧೂಳು ಒರೆಸುವಾಗಲೆಲ್ಲ ಬೈಯುತ್ತಾರೆ.

ಹಾಗೆ ಬೈದೂ ಬೈದೂ ಸಾಕಾಗಿ, ಅವರ ತಮ್ಮ ಕಾಂತರಾಜು ಮಾವನ ಕೈಲಿ ಒಂದು ಸಂಬಂಧ ತರಿಸಿದರು. ಹುಡುಗ ವಿಜಯನಗರದವನು, ಬ್ಯಾಂಕಿನ ಕೆಲಸ, ಹೆಸರು ಮೋಹನ್ ಕುಮಾರ್. ನೋಡಲು ಬಂದವನು ನಮ್ಮ ಮನೆಯ ಕಾಫಿ ಕುಡಿದು, ನನ್ನ ಕಂಪ್ಯೂಟರನ್ನು ನನಗಿಂತ ಜಾಸ್ತಿ ಹೊತ್ತು ನೋಡಿದ. ಅವತ್ತು ಸಂಜೆಯೇ ಫೋನ್ ಮಾಡಿದ.

‘ನಮ್ಮನೇಲೂ ಒಂದಿದೆ ರೀ. ಆದ್ರೆ ಕೊಂಡ್ಕೊಂಡಿದ್ದು.’

‘ಅಸೆಂಬಲ್ ಮಾಡಕ್ಕೆ ಏನಾಗಿತ್ತು?’

‘ಸೋಮಾರಿತನ. ಕೆಲಸದಿಂದ ಬಂದು ಸೋಫಾ ಮೇಲೆ ಬಿದ್ಕೊಂಡು ಆಡ್ಬೇಕು ಅಷ್ಟೇ. ಯಾವ ವೈರು ಎಲ್ಲಿಗೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ.’

‘ಥೂ, ಹೇಳ್ಕೊಳಕ್ಕೆ ನಾಚಿಕೆ ಆಗಲ್ವ ನಿಮಗೆ?’

‘ಆಗುತ್ತೆ. ಏನ್ ಮಾಡ್ಲಿ, ನಿಜ ಅದೇ.’

ನನಗೆ ನಗು ತಡೆಯಲಾಗಲಿಲ್ಲ. ಅದಕ್ಕೆ ಮುಂಚೆ ನನ್ನನ್ನು ನೋಡಲು ಬಂದ ಮಹಾನುಭಾವರೆಲ್ಲ ಬರೀ ಬಡಾಯಿ. ಒಬ್ಬ ಮ್ಯಾರಥಾನ್ ಓಡುತ್ತೇನೆ ಎಂದು ಹೇಳಿ ನಮ್ಮ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಟ್ಟಿದ್ದ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಗಂಡಸು ಇವನೊಬ್ಬನೇ. ದಿನಾ ಸಂಜೆ ಅವನ ಫೋನಿಗೆ ಕಾಯತೊಡಗಿದೆ. ಇಷ್ಟವಾಗಿದ್ದ, ತುಂಬ ಇಷ್ಟವಾಗಿದ್ದ. ಇನ್ನು ನಾವು ಹೋಗಿ ಗಂಡಿನ ಮನೆ ನೋಡಿ, ಒಪ್ಪಿಗೆಯಾದರೆ ಅಲ್ಲೇ ತಾಂಬೂಲ ಬದಲಾಯಿಸಿ ಬರುವುದೊಂದೇ ಬಾಕಿ ಇತ್ತು. ನಾನಂತೂ ಒಳಗೊಳಗೇ ಒಪ್ಪಿಯಾಗಿತ್ತು.

ಭಾನುವಾರ ಬೆಳಿಗ್ಗೆ ಅಮ್ಮ, ಮಾವ, ನಾನು ಹೋದೆವು. ಮೂರು ಅಂತಸ್ತಿನ ಮನೆ. ಗೇಟಿನಲ್ಲೇ ಮೋಹನ್ ಕುಮಾರ್ ತಂದೆ ಚನ್ನಕೇಶವ ಅವರು ಬಿಳೀ ಷರಟು, ಬಿಳೀ ಪಂಚೆಯಲ್ಲಿ ನಿಂತಿದ್ದರು. ಕೂತುಕೊಳ್ಳಿ ಎನ್ನುವ ಮೊದಲೇ ಶುರುವಾಯಿತು.

‘ಇದೆಲ್ಲ ನಾನೇ ನಿಂತು ಕಟ್ಟಿಸಿದ್ದು ಕಾಂತರಾಜು. ರೆಡಿಮೇಡ್ ಫ್ಲಾಟ್ ತಗೊಳೋರೆಲ್ಲ ಗೂಡಲ್ಲಿರೋ ಪಾರಿವಾಳ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ?’

ನಿಂತು ಕಟ್ಟಿಸಿದ್ದಂತೆ! ಇಟ್ಟಿಗೆ ಹೊತ್ತವರು ರಾಯಚೂರಿನ ಕಡೆಯವರು, ತಾರಸಿ ಹಾಕಿದವರು ಇನ್ಯಾರೋ. ಇವರು ಕೊಡೆ ಹಿಡಿದು ನಿಂತಿದ್ದರು ಅಷ್ಟೇ. ಆದರೂ ಪ್ರತಿ ಕಿಟಕಿಯ ಮುಂದೆಯೂ ‘ನಾನೇ ನಿಂತು’ ಎಂಬ ಮಂತ್ರ ಹೇಳಿಸಿಕೊಂಡು ನಾವು ಮೇಲಿನ ಟ್ಯಾಂಕಿನವರೆಗೂ ಹತ್ತಿ ಇಳಿದೆವು. ಅಮ್ಮ ಮಾತ್ರ ಪ್ರತಿ ಬಚ್ಚಲಿಗೂ ಕೈಮುಗಿಯುವಷ್ಟು ಸಂತೋಷದಲ್ಲಿದ್ದರು.

ಹಾಲಿಗೆ ಬಂದು ಕೂತಾಗ ಕಂಪ್ಯೂಟರ್ ಕಾಣಿಸಿತು. ಗಾಳಿಯಾಡಬೇಕಾದ ಯಂತ್ರವನ್ನು ಟಿವಿ ಕೆಳಗಿನ ಶೋಕೇಸಿನೊಳಗೆ ತುರುಕಿ, ಅತ್ತ ಕೊಂಡಪಲ್ಲಿ ಗೊಂಬೆ, ಇತ್ತ ಸ್ಕೂಲಿನಲ್ಲಿ ಗೆದ್ದ ಕಪ್ಪುಗಳನ್ನಿಟ್ಟು, ಗಾಜಿನ ಬಾಗಿಲು ಹಾಕಿದ್ದರು. ಅದರ ಮೈಮೇಲೆ ಒಂದು ಕ್ರೋಶಾ ಹೆಣಿಗೆಯ ಬಟ್ಟೆ, ಹಣೆಗೆ ಕುಂಕುಮ. ಮುತ್ತೈದೆಯ ಹಾಗೆ ಕೂತಿತ್ತು. ಅದಕ್ಕೆ ಆ ಬಟ್ಟೆ ಹೊದಿಸಿದ್ದು ಮೋಹನ್ ಕುಮಾರ್ ತಾಯಿ ಮುನಿಲಕ್ಷ್ಮಮ್ಮ. ಧೂಳು ಕೂರಬಾರದಲ್ಲ ಎಂದು ಅವರೇ ಹೇಳಿದರು.

‘ಇದನ್ನ ನಮ್ ಹುಡುಗನೇ ಜೋಡ್ಸಿದ್ದು,’ ಎಂದರು ಚನ್ನಕೇಶವ ಅವರು, ‘ಒಂದೊಂದ್ ಪಾರ್ಟೂ ತಾನೇ ಹುಡ್ಕಿ ತಂದು. ನನ್ ರಕ್ತ ಅಲ್ವೇ! ರೆಡಿಮೇಡ್ ನಮ್ ವಂಶದಲ್ಲೇ ಇಲ್ಲ.’

ನಾನು ಮೋಹನ್ ಕುಮಾರ್ ಕಡೆ ನೋಡಿದೆ. ಈಗ ನಗುತ್ತಾನೆ, ‘ಅಪ್ಪಾ, ಸುಮ್ನಿರಿ, ಅದು ಕೊಂಡಿದ್ದು’ ಎನ್ನುತ್ತಾನೆ, ಎಲ್ಲರೂ ನಗುತ್ತೇವೆ ಎಂದುಕೊಂಡೆ. ಅವನು ಚಕ್ಕುಲಿ ತಟ್ಟೆ ನೋಡುತ್ತಾ ತಲೆಯಾಡಿಸಿದ. ಹೌದು ಎನ್ನುವ ಹಾಗೆ.

ಹೋಗಲಿ, ದೊಡ್ಡವರ ಮುಂದೆ ಸಂಕೋಚ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪ್ರೀತಿ ಅನ್ನುವುದು ಎಂಥ ದಡ್ಡತನ ನೋಡಿ.

‘ಹಾಕೋ ಮೋಹನ, ಅದೇನೋ ಕಾರ್ ರೇಸ್, ಬೀಗರೂ ನೋಡ್ಲಿ,’ ಎಂದು ಅಪ್ಪಣೆಯಾಯಿತು. ಅವನು ಹಾಕಿದ. ಟಿವಿಯಲ್ಲಿ ಕಾರು ಓಡತೊಡಗಿತು. ಸ್ವಲ್ಪ ಹೊತ್ತಿಗೆ ಶೋಕೇಸಿನೊಳಗಿನ ಫ್ಯಾನು ಗಿರಣಿಯ ಹಾಗೆ ಅರಚಿಕೊಂಡಿತು. ಆಮೇಲೆ ಟಿವಿ ಕಪ್ಪಾಯಿತು. ಬಟನ್ ಒತ್ತಿದರೂ ಕಂಪ್ಯೂಟರ್ ಉಸಿರೆತ್ತಲಿಲ್ಲ.

‘ಬಿಚ್ಚಿ ಸರಿ ಮಾಡೋ,’ ಎಂದರು ತಂದೆ. ‘ನೀನೇ ಮಾಡಿರೋದಲ್ವಾ, ನಿಂಗೇನು ಕಷ್ಟ? ಲೇ, ಸ್ಕ್ರೂ ಡ್ರೈವರ್ ತಗೊಂಬಾರೇ.’

ಮುನಿಲಕ್ಷ್ಮಮ್ಮ ತಂದುಕೊಟ್ಟರು. ಮೋಹನ್ ಕುಮಾರ್ ಪೆಟ್ಟಿಗೆಯನ್ನು ಹೊರಗೆಳೆದು ಅದರ ಮುಂದೆ ಮಂಡಿಯೂರಿದ. ಹಿಂಬದಿಯ ಸ್ಕ್ರೂ ಮೇಲೆ ಕಂಪನಿಯ ಸ್ಟಿಕ್ಕರ್ ಹಾಗೇ ಇತ್ತು, ಅದನ್ನು ಕಿತ್ತರೆ ವಾರಂಟಿ ಹೋಯಿತು. ಅದು ಅವನಿಗೂ ಗೊತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹಣೆಯ ಬೆವರು ಒರೆಸಿಕೊಂಡು, ಸ್ಕ್ರೂ ಡ್ರೈವರಿನ ಮೂತಿಯಿಂದ ಆ ಸ್ಟಿಕ್ಕರನ್ನು ಕೆರೆಯಲು ಶುರುಮಾಡಿದ.

ಅವನ ಸುಳ್ಳಿಗಿಂತ ಆ ಯಂತ್ರದ ಪಾಡು ನೋಡಲಾಗಲಿಲ್ಲ. ಎದ್ದು ಹೋಗಿ ಅವನ ಕೈಯಿಂದ ಸ್ಕ್ರೂ ಡ್ರೈವರ್ ಕಿತ್ತುಕೊಂಡೆ.

‘ಏನೂ ಬಿಚ್ಚೋದು ಬೇಡ. ಬಿಸಿಯಾಗಿದೆ ಅಷ್ಟೇ,’ ಎಂದು ಕ್ರೋಶಾ ಬಟ್ಟೆ ತೆಗೆದು ಮುನಿಲಕ್ಷ್ಮಮ್ಮನ ಕೈಗಿಟ್ಟೆ. ಪೆಟ್ಟಿಗೆಯನ್ನು ಫ್ಯಾನಿನ ಕೆಳಗೆ ಎಳೆದೆ. ‘ಆಂಟಿ, ಇದಕ್ಕೂ ಗಾಳಿ ಬೇಕು. ಶೋಕೇಸಲ್ಲಿ ಇಡಬೇಡಿ.’ ಎಲ್ಲರೂ ಕಾಫಿ ಮುಗಿಸುವಷ್ಟರಲ್ಲಿ ಅದು ತಣ್ಣಗಾಯಿತು. ಬಟನ್ ಒತ್ತಿದೆ, ದೀಪ ಹತ್ತಿತು.

‘ನೋಡಿದ್ರಾ!’ ಚನ್ನಕೇಶವ ಅವರು ತೊಡೆ ತಟ್ಟಿದರು. ‘ನಮ್ ಹುಡುಗ ಎಷ್ಟು ಗಟ್ಟಿಯಾಗಿ ಜೋಡ್ಸಿದಾನೆ ನೋಡಿ, ಹೆಣ್ಣುಮಗಳು ಮುಟ್ಟಿದ್ರೂ ಆನ್ ಆಗುತ್ತೆ. ಮದ್ವೆ ಆದ್ಮೇಲೆ ಇವಳಿಗೂ ಒಸಿ ಕಲ್ಸೋ ಮೋಹನ.’

‘ಕಲ್ಸಣ ಬಿಡಪ್ಪ,’ ಎಂದ ಮೋಹನ್ ಕುಮಾರ್.

ನನ್ನ ಮೈಯೆಲ್ಲ ಉರಿದುಹೋಯಿತು. ಯಾವ ವೈರು ಎಲ್ಲಿಗೆ ಅಂತ ಗೊತ್ತಿಲ್ಲದವನು ನನಗೆ ಕಲಿಸುತ್ತಾನಂತೆ! ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ತಂದರು. ಮಾವನೂ ನಮ್ಮ ತಟ್ಟೆ ತೆಗೆದು ಸಜ್ಜಾದರು.

‘ಒಂದ್ ನಿಮಿಷ ಮಾವ,’ ಎಂದೆ. ‘ಮೋಹನ್, ಇದನ್ನ ಯಾರು ಜೋಡ್ಸಿದ್ದು? ನೀವೇ ಹೇಳಿ.’

ಅವನು ನನ್ನ ಮುಖ ನೋಡಿದ. ಆಮೇಲೆ ಅಪ್ಪನ ಮುಖ ನೋಡಿದ.

‘ಅಪ್ಪ ಹೇಳಿದ್ರಲ್ಲ ರೀ.’

‘ನಾನು ಕೇಳಿದ್ದು ನಿಮ್ಮನ್ನ.’

‘ಈಗ್ಯಾಕೆ ಅದೆಲ್ಲ... ಆಮೇಲೆ ಮಾತಾಡಣ.’

‘ಮಾವ, ಏಳಿ, ಹೋಗೋಣ,’ ಎಂದೆ.

ಅಮ್ಮ ನನ್ನ ಸೆರಗು ಹಿಡಿದು ಜಗ್ಗಿದರು. ಚನ್ನಕೇಶವ ಅವರ ದನಿ ಏರಿತು. ‘ಏನಮ್ಮಾ ಇದು? ಒಂದು ಕಂಪ್ಯೂಟರ್ ವಿಷ್ಯಕ್ಕೆ ಸಂಬಂಧ ಮುರೀತಾರಾ? ಕೊಂಡ್ರೇನು, ಜೋಡಿಸಿದ್ರೇನು?’

‘ಕೊಂಡಿದ್ದು ಅಂತ ನನಗೆ ಮೊದಲ ದಿನವೇ ಗೊತ್ತು ಅಂಕಲ್. ಇವರೇ ಹೇಳಿದ್ರು. ಅದನ್ನ ಹೇಳಿದ್ದಕ್ಕೇ ಇವರನ್ನ ಒಪ್ಪಿದ್ದೆ.’

ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದೆ. ಹಿಂದೆ ಅಮ್ಮ ಆ ಮನೆಯವರ ಕ್ಷಮೆ ಕೇಳುತ್ತಿದ್ದುದು ಮೆಟ್ಟಿಲವರೆಗೂ ಕೇಳಿಸಿತು.

ಗೇಟಿನ ಹತ್ತಿರ ಮೋಹನ್ ಕುಮಾರ್ ಓಡಿಬಂದ. ಕಣ್ಣು ಕೆಂಪಾಗಿದ್ದವು.

‘ಕವನಾ, ಪ್ಲೀಸ್. ಅಪ್ಪಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ ಕಣ್ರೀ. ನಿಮ್ ಹತ್ರ ನಾನು ಯಾವತ್ತೂ ಸುಳ್ಳು ಹೇಳಿಲ್ಲ.’

ಅದು ನಿಜ. ‘ಹಾಗಾದ್ರೆ ಈಗ ಹೋಗಿ ಅದು ಕೊಂಡಿದ್ದು ಅಂತ ನೀವೇ ಅವರಿಗೆ ಹೇಳಿ. ನಾನು ಇಲ್ಲೇ ನಿಂತಿರ್ತೀನಿ,’ ಎಂದೆ. ನಿಜವಾಗಿಯೂ ನಿಲ್ಲುತ್ತಿದ್ದೆ.

ಅವನು ತಲೆಯೆತ್ತಿದ. ಮೇಲೆ ಬಾಲ್ಕನಿಯಲ್ಲಿ ಅವನ ತಂದೆ ಕಂಬಿಗೆ ಕೈಯೂರಿ ನಮ್ಮನ್ನೇ ನೋಡುತ್ತಿದ್ದರು. ಅವನು ಒಂದು ಹೆಜ್ಜೆ ಹಿಂದೆ ಸರಿದು, ದನಿ ತಗ್ಗಿಸಿದ.

‘ಸಂಜೆ ಫೋನ್ ಮಾಡ್ತೀನಿ,’ ಎಂದ.

‘ಮಾಡ್ಬೇಡಿ,’ ಎಂದೆ.