ಸುಕ್ಕಿನ ಮೇಲೆ ಇಸ್ತ್ರಿ

ಮೆಟ್ಟಿಲಿನ ಕೆಳಗಿನ ಆ ಗೂಡಂಗಡಿಯಲ್ಲಿ ಮೂರು ಜನ ನಿಂತರೆ ನಾಲ್ಕನೆಯವರು ಬೀದಿಯಲ್ಲೇ ನಿಲ್ಲಬೇಕು. ಇಸ್ತ್ರಿಯವನು ಬೆವರು ಒರೆಸಿಕೊಳ್ಳುತ್ತ ಪ್ಯಾಂಟೊಂದರ ಗೆರೆ ಕೂರಿಸುತ್ತಿದ್ದ. ಅವನ ಹೆಂಡತಿ ನೆಲದ ಮೇಲೆ ಕೂತು ಗಂಟು ಬಿಚ್ಚಿ, ಯಾರ ಮನೆಯದು ಯಾವುದೆಂದು ಬಟ್ಟೆ ಬೇರ್ಪಡಿಸುತ್ತಿದ್ದಳು. ನಿವೃತ್ತ ಮೇಷ್ಟರು ತಮ್ಮ ಅಂಗಿಗಾಗಿ ಕಾಯುತ್ತ ಕಂಡವರ ಉಸಾಬರಿ ಮಾತಾಡುತ್ತಿದ್ದರು.

ಮೇಲಿನ ಮಹಡಿಯ ಅಕ್ಕ ಬಂದು ಒಂದೇ ಒಂದು ಬಿಳಿ ಅಂಗಿಯನ್ನು ಹಲಗೆಯ ಮೇಲಿಟ್ಟಳು.

"ನಾಳೆ ಸಹಾಯಧನದ ಕಚೇರಿಗೆ ಇವರನ್ನೂ ಕರ್ಕೊಂಡು ಹೋಗಬೇಕಣ್ಣ. ಕಣ್ಣಾರೆ ನೋಡಿದ ಮೇಲೇ ಮುಂದುವರಿಸ್ತಾರಂತೆ. ಚೆನ್ನಾಗಿ ಹಾಕಿಕೊಡಿ."

ಅವಳ ಗಂಡ ಬಸ್ಸು ಓಡಿಸುತ್ತಿದ್ದವನು. ಲಕ್ವ ಹೊಡೆದು ಮಲಗಿದ ಮೇಲೆ ಅವನ ಔಷಧಿ, ಮನೆಯ ಒಲೆ ಎರಡೂ ಆ ಸಹಾಯಧನದಲ್ಲೇ ನಡೆಯುತ್ತಿದ್ದವು.

ಅವಳು ಬೆನ್ನು ತಿರುಗಿಸಿದಳೋ ಇಲ್ಲವೋ, ಇಸ್ತ್ರಿಯವನು ಗೊಣಗಿದ: "ತಿನ್ನೋದು ಬಿಟ್ಟಿ ಕೂಳು. ಅದಕ್ಕೆ ಇಸ್ತ್ರಿ ಬೇರೆ ಕೇಡು."

"ಹಾಗೆ ಹೇಳು!" ಮೇಷ್ಟರಿಗೆ ಹುರುಪು ಬಂತು. "ನಾವು ತೆರಿಗೆ ಕಟ್ಟೋದು, ಇವರು ಕಾಲು ಚಾಚೋದು."

"ಆ ಅಣ್ಣನಿಗೆ ಚಾಚಿದ ಕಾಲು ಮಡಚೋಕೇ ಆಗಲ್ಲ ಮೇಷ್ಟ್ರೇ," ಎಂದಳು ಹೆಂಡತಿ. "ಅಲ್ಲ, ನಿಮ್ಮ ಪಿಂಚಣಿ ಏನು ಮರದಲ್ಲಿ ಬಿಡುತ್ತಾ?"

"ಅದು ನಾನು ದುಡಿದದ್ದಮ್ಮ!"

"ಅವರೇನು ಬಸ್ಸಲ್ಲಿ ಕೂತು ಗಾಳಿ ತಿಂತಿದ್ರಾ?" ಆಮೇಲೆ ಗಂಡನ ಕಡೆ ತಿರುಗಿದಳು. "ಮೊದಲು ನಿಮ್ಮ ನಾಲಿಗೆಗೆ ಇಸ್ತ್ರಿ ಹಾಕ್ಕೊಳ್ರೀ. ಅಕ್ಕ ಇನ್ನೂ ಮೆಟ್ಟಿಲ ಮೇಲೇ ಇದ್ದಾರೆ."

ಇದ್ದಳು. ಕಂಬಿ ಹಿಡಿದು ನಿಂತಿದ್ದವಳು ಏನೂ ಕೇಳಿಸದವಳ ಹಾಗೆ ಮೇಲೆ ಹತ್ತಿದಳು.

ಇಸ್ತ್ರಿಯವನಿಗೆ ಮುಖ ಎತ್ತಲಾಗಲಿಲ್ಲ. ತಪ್ಪಾಯಿತು ಎನ್ನುವುದು ಅವನಿಗೆ ಬಾಯಲ್ಲಿ ಬರುವ ಮಾತಲ್ಲ, ಕೈಯಲ್ಲಿ ಬರುತ್ತಿತ್ತು. ಮದುವೆ ಗಂಡಿನ ಅಂಗಿಗೆ ಹಾಕುವಂತೆ ಗಂಜಿ ಹಾಕಿದ, ನೀಲಿಯಲ್ಲಿ ಅದ್ದಿದ, ಕಾಲರನ್ನು ಹಲಗೆಯಂತೆ ನಿಲ್ಲಿಸಿದ. ತಾನೇ ಮೇಲೆ ಹೋಗಿ ಕೊಟ್ಟು, ದುಡ್ಡು ಬೇಡವೆಂದು ಬಂದ. ಆ ರಾತ್ರಿ ಅವನಿಗೆ ಊಟ ರುಚಿಸಿತು.

ವಾರ ಕಳೆದು ಅಕ್ಕ ಅದೇ ಅಂಗಿ ಹಿಡಿದು ಬಂದಳು.

"ನಿಲ್ಲಿಸಿಬಿಟ್ಟರಣ್ಣ."

"ಯಾಕಕ್ಕ?"

"ಇವರನ್ನ ಕಾಲಿನಿಂದ ತಲೆವರೆಗೂ ನೋಡಿದರು. 'ಒಳ್ಳೆ ಮದುಮಗನ ಹಾಗೆ ಬಂದಿದ್ದೀರಲ್ಲ, ನಿಮಗ್ಯಾಕ್ರೀ ಸಹಾಯ?' ಅಂದರು. ಎಲ್ಲರೂ ನಕ್ಕರು. ಇವರು ಮಾತಾಡೋಕೆ ಹೋದರು, ಜೊಲ್ಲು ಸುರಿದು ಕಾಲರಿಗೆ ಬಿತ್ತು. ಅದನ್ನ ಯಾರೂ ನೋಡಲಿಲ್ಲ." ಅವಳು ಅಂಗಿಯನ್ನು ಹಲಗೆಯ ಮೇಲಿಟ್ಟಳು. "ಕೈಮುಗಿದು ಬೇಡಿಕೊಂಡ ಮೇಲೆ, ನಾಳೆ ಇನ್ನೊಂದು ಸಲ ಬನ್ನಿ ನೋಡೋಣ ಅಂದಿದ್ದಾರೆ."

ಇಸ್ತ್ರಿಯವನ ಕೈ ಪೆಟ್ಟಿಗೆಯ ಹಿಡಿಯ ಮೇಲೇ ಉಳಿಯಿತು. "ಹಾಗಾದ್ರೆ ಬೇರೆ ಯಾವುದಾದರೂ ಹಳೇದು..."

"ಹರಕು ಹಾಕಲ್ಲ ಅಂತಾರೆ ಇವರು. ಭಿಕ್ಷೆಗೆ ಹೋಗ್ತಿಲ್ಲ ಕಣೇ, ಇಸ್ತ್ರಿ ಆಗಿದ್ರೇ ಬರ್ತೀನಿ ಅಂತ ಹಟ. ಮಾತು ತೊದಲಿದ್ರೂ ಅದೊಂದು ಸರಿಯಾಗಿ ಹೇಳ್ತಾರೆ. ಕಣ್ಣು ಮಂಜಾಗಿದೆ, ಸುಕ್ಕು ಕಾಣಲ್ಲ. ಆದ್ರೆ ಇಸ್ತ್ರಿ ಆಗದೇ ಆಗಿದೆ ಅಂತ ಇವರ ಮುಂದೆ ನಂಗೆ ಸುಳ್ಳು ಬರಲ್ಲ." ಅವಳ ದನಿ ತಗ್ಗಿತು. "ಮುದ್ದೆ ಮಾಡಿ, ಅದರ ಮೇಲೇ ಇಸ್ತ್ರಿ ಹಾಕಿಕೊಡಿ ಅಣ್ಣ. ಬಿಸಿ ತಾಗಿದ್ರೆ ಸಾಕು."

ಅವನು ಹೆಂಡತಿಯನ್ನು ನೋಡಿದ. ಅವಳು ತಲೆ ತಗ್ಗಿಸಿ ಯಾರದೋ ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಮತ್ತೆ ಮಡಚಿದಳು.

ಅಂಗಿಯ ಗಂಜಿ ಹೋಗುವಷ್ಟು ನೀರು ಕುಡಿಸಿ, ಒಗೆಯುವವರಂತೆ ಹಿಂಡಿ, ಹಿಂಡಿದ್ದನ್ನು ಹಾಗೇ ಹಲಗೆಯ ಮೇಲೆ ಹರಡಿದ. ಪೆಟ್ಟಿಗೆ ಒತ್ತಿದಾಗ ಚುಂಯ್ ಎಂದು ಆವಿ ಎದ್ದಿತು. ಸುಕ್ಕುಗಳು ಒಂದೊಂದಾಗಿ ಗಟ್ಟಿಯಾಗಿ ಕೂತವು. ರೂಢಿ ತಪ್ಪದ ಕೈ ಎರಡು ಸಲ ಕಾಲರನ್ನು ನೀವಿ ಸರಿಮಾಡಲು ಹೋಯಿತು. ಎರಡು ಸಲವೂ ಹಿಂದಕ್ಕೆಳೆದುಕೊಂಡ.

ಅಷ್ಟರಲ್ಲಿ ಬಂದ ಮೇಷ್ಟರು ಇಣುಕಿದರು. "ಏನಯ್ಯ ಇದು, ಕತ್ತೆ ಅಗಿದು ಉಗಿದ ಹಾಗಿದೆ! ಕಸುಬು ಮರೆತೆಯೇನು?"

"ಇಲ್ಲ ಮೇಷ್ಟ್ರೇ. ಬಡವರು ಹೇಗೆ ಕಾಣಬೇಕು ಅಂತ ನಾವೆಲ್ಲ ಹೇಳಿದ್ವಲ್ಲ, ಹಾಗೇ ಹಾಕ್ತಿದ್ದೀನಿ."

ಮೇಷ್ಟರು ಅಕ್ಕನನ್ನು ನೋಡಿದರು, ಅಂಗಿಯನ್ನು ನೋಡಿದರು. ತಮ್ಮ ಬಟ್ಟೆ ಕೇಳದೆ ಹೊರಟುಹೋದರು.

ಇಸ್ತ್ರಿಯವನು ಆ ಅಂಗಿಯನ್ನು ಹೊಸದರಂತೆ ಮಡಚಿ, ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ.

"ಇಸ್ತ್ರಿ ಆಯ್ತು ಅಂತ ಹೇಳಿ ಅಕ್ಕ," ಎಂದ. "ಸುಳ್ಳಲ್ಲ."